ಸೊಂಟ, ಕಾಲು, ಕೈಬೆರಳು: ಎಲ್ಲ ನೋವಿಗೂ ಒಂದೇ ಕಾರಣ ಇರಬೇಕಾ?

ಪ್ರಶ್ನೆ: ನನಗೆ 43 ವರ್ಷ. ಊರು ಪಾವಗಡದ ಕಡೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಒಂದೂವರೆ ವರ್ಷದಿಂದ ಎರಡೂ ಕೈಯ ಬೆರಳು, ಮಣಿಕಟ್ಟು, ಮಂಡಿ ನೋಯುತ್ತಿವೆ. ಗೆಣ್ಣುಗಳು ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದರೆ ಒಂದು ಗಂಟೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಈಗ ನಾಲ್ಕು ತಿಂಗಳಿಂದ ಬಲಗಡೆ ಸೊಂಟ ಹಿಡಿದುಕೊಂಡಿದೆ. ತೊಡೆಯಿಂದ ಮಂಡಿವರೆಗೂ ಎಳೆಯುತ್ತದೆ, ನೆಲದ ಮೇಲೆ ಕೂರಲು ಆಗುತ್ತಿಲ್ಲ. ಇದೆಲ್ಲ ಶುರುವಾಗುವ ಮುಂಚೆ ಚಿಕೂನ್‌ಗುನ್ಯಾ ಬಂದಿತ್ತು. ರಕ್ತ ಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್ ನೆಗೆಟಿವ್, ಯೂರಿಕ್ ಆಸಿಡ್ 6.4, ವಿಟಮಿನ್ ಡಿ 11. ಸೊಂಟದ ಎಕ್ಸ್‌ರೇ ನಾರ್ಮಲ್ ಅಂದರು. ಒಂದು ಕಡೆ ಪೊಟ್ಟಣದಲ್ಲಿ ಮಾತ್ರೆ ಕೊಡುತ್ತಾರೆ. ನುಂಗಿದರೆ ಹಾಯಾಗಿರುತ್ತದೆ, ಬಿಟ್ಟರೆ ಮತ್ತೆ ಶುರು. ಹಾಗಾಗಿ ಒಂದು ವರ್ಷದಿಂದ ಹೆಚ್ಚುಕಮ್ಮಿ ದಿನವೂ ತೆಗೆದುಕೊಳ್ಳುತ್ತಿದ್ದೇನೆ. ಒಬ್ಬರು ವಾತ ಅಂತಾರೆ, ಒಬ್ಬರು ಕ್ಯಾಲ್ಸಿಯಂ ಕಮ್ಮಿ ಅಂತಾರೆ, ಇನ್ನೊಬ್ಬರು ಬೋರ್‌ವೆಲ್ ನೀರಿನ ದೋಷ ಅಂತಾರೆ. ಟೊಮೆಟೊ, ಬದನೆಕಾಯಿ, ಬೇಳೆ ಬಿಟ್ಟಿದ್ದೇನೆ. ಇದು ಏನಿರಬಹುದು?

ಉತ್ತರ: ಮೊದಲು ಆ ಪೊಟ್ಟಣದ ಮಾತ್ರೆಯ ವಿಷಯ. ಹೆಸರಿಲ್ಲದ ಮಾತ್ರೆ, ನುಂಗಿದ ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ಹಗುರ, ಬಿಟ್ಟ ಕೂಡಲೇ ನೋವು ವಾಪಸ್. ಹೀಗೆ ಕೆಲಸ ಮಾಡುವ ಮಾತ್ರೆಯಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಜಾಸ್ತಿ. ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲ. ಈ ವರ್ಷದಲ್ಲಿ ಮುಖ ದುಂಡಗಾಗಿದೆಯಾ, ಹೊಟ್ಟೆಯ ಹತ್ತಿರ ತೂಕ ಏರಿದೆಯಾ, ಸ್ವಲ್ಪ ತಾಗಿದರೂ ಚರ್ಮ ಕಪ್ಪುಗಟ್ಟುತ್ತದೆಯಾ, ಸಕ್ಕರೆ ಅಥವಾ ಬಿಪಿ ಹೊಸದಾಗಿ ಹೆಚ್ಚಾಗಿದೆಯಾ, ಗಮನಿಸಿ. ಹೌದಾದರೆ ಅನುಮಾನ ಇನ್ನೂ ಗಟ್ಟಿ.

ಆದರೆ ಇದನ್ನು ಓದಿ ಹೆದರಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ನಮ್ಮ ದೇಹ ತಾನೇ ಒಂದಿಷ್ಟು ಸ್ಟೀರಾಯ್ಡ್ ತಯಾರಿಸುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಬಂದರೆ ಆ ಗ್ರಂಥಿಗಳು ಕೆಲಸ ಕಡಿಮೆ ಮಾಡಿಬಿಡುತ್ತವೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ಸುಸ್ತು, ವಾಂತಿ, ಬಿಪಿ ಕುಸಿತ ಆಗಬಹುದು, ಪ್ರಾಣಕ್ಕೂ ಅಪಾಯ. ಉಳಿದ ಮಾತ್ರೆಗಳನ್ನು ಪೊಟ್ಟಣದ ಸಮೇತ ಎಂಬಿಬಿಎಸ್ ಆದ ವೈದ್ಯರ ಬಳಿ ಒಯ್ಯಿರಿ. ಇದೇ ವಾರ ಹೋಗಿ. ಏನೆಂದು ಗುರುತಿಸಿ, ನಿಧಾನವಾಗಿ ಇಳಿಸುವುದು ಅವರ ಕೆಲಸ.

ಈಗ ನಿಮ್ಮ ಪ್ರಶ್ನೆ. ನೀವು ಬರೆದದ್ದನ್ನು ಓದಿದರೆ ನನಗೆ ಒಂದಲ್ಲ, ಎರಡು ನೋವು ಕಾಣುತ್ತವೆ. ಕೈಬೆರಳು, ಮಣಿಕಟ್ಟಿನದು ಒಂದೂವರೆ ವರ್ಷದ್ದು. ಬಲಸೊಂಟದ್ದು ನಾಲ್ಕು ತಿಂಗಳದ್ದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ‘ಮೈಕೈ ನೋವು’ ಅಂದುಬಿಟ್ಟರೆ ಎರಡಕ್ಕೂ ಸರಿಯಾದ ಮದ್ದು ಸಿಗುವುದಿಲ್ಲ. ಹಲವು ಕೀಲು ನೋಯುವವರಲ್ಲಿ ಇದು ತುಂಬಾ ಆಗುತ್ತದೆ. ಮೊದಲ ಕಾಯಿಲೆಗೆ ಒಂದು ಹೆಸರು ಬಿದ್ದಿರುತ್ತದೆ, ಆಮೇಲೆ ಬಂದದ್ದನ್ನೆಲ್ಲ ಅದರ ತಲೆಗೇ ಕಟ್ಟುತ್ತಾರೆ.

ಸೊಂಟದಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿ ತಡ ಮಾಡಲು ಸಮಯ ಇಲ್ಲ.

ವೈದ್ಯರು ‘ಎಲ್ಲಿ ನೋವು’ ಅಂದಾಗ ಬಾಯಲ್ಲಿ ಹೇಳಬೇಡಿ, ಒಂದು ಬೆರಳಿಟ್ಟು ತೋರಿಸಿ. ನೋವು ಪಿರ್ರೆಯಲ್ಲಿ ಶುರುವಾಗಿ ತೊಡೆಯ ಹಿಂಭಾಗದಿಂದ ಮಂಡಿ ದಾಟಿ ಮೀನಖಂಡ, ಪಾದದವರೆಗೆ ಕರೆಂಟು ಹೊಡೆದಂತೆ ಇಳಿದರೆ, ಜೊತೆಗೆ ಜೋಮು ಇದ್ದರೆ, ಬೆನ್ನುಮೂಳೆಯ ಡಿಸ್ಕ್ ನರವನ್ನು ಒತ್ತುತ್ತಿದೆ ಎಂದು ಯೋಚಿಸುತ್ತೇವೆ. ಇದನ್ನೇ ಸಯಾಟಿಕಾ ಅನ್ನುವುದು. ಬಹಳ ಜನರಿಗೆ ಇದು ಆಪರೇಷನ್ ಇಲ್ಲದೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ನೋವು ಸೊಂಟದ ಹೊರಬದಿಯಲ್ಲಿ, ಮಗ್ಗುಲಾದಾಗ ಹಾಸಿಗೆಗೆ ತಾಗುವ ಮೂಳೆಯ ಮೇಲಿದ್ದರೆ, ಆ ಮಗ್ಗುಲಿಗೆ ಮಲಗಲು ಆಗದಿದ್ದರೆ, ಅದು ಕೀಲಿನದ್ದಲ್ಲ. ಅಲ್ಲಿಗೆ ಬಂದು ಸೇರುವ ಸ್ನಾಯುವಿನ ಹುರಿಗಳದ್ದು. ನಲವತ್ತು ದಾಟಿದ ಹೆಂಗಸರಲ್ಲಿ ಇದು ತುಂಬಾ ಸಾಮಾನ್ಯ, ವ್ಯಾಯಾಮದಿಂದಲೇ ಬಹುಪಾಲು ಹತೋಟಿಗೆ ಬರುತ್ತದೆ.

ನೋವು ತೊಡೆಸಂದಿನಲ್ಲಿದ್ದರೆ ಮಾತು ಬೇರೆ. ಸೊಂಟದ ನಿಜವಾದ ಕೀಲು ಇರುವುದು ಅಲ್ಲಿ, ಒಳಗೆ, ಆಳದಲ್ಲಿ. ಅದರ ನೋವು ತೊಡೆಸಂದಿನಿಂದ ತೊಡೆಯ ಮುಂಭಾಗಕ್ಕೆ, ಅಲ್ಲಿಂದ ಮಂಡಿಗೆ ಬರುತ್ತದೆ, ಸಾಮಾನ್ಯವಾಗಿ ಮಂಡಿಯ ಕೆಳಗೆ ಇಳಿಯುವುದಿಲ್ಲ. ಕೆಲವರಿಗೆ ಸೊಂಟದಲ್ಲಿ ಏನೂ ಗೊತ್ತಾಗುವುದೇ ಇಲ್ಲ, ಬರೀ ಮಂಡಿ ನೋಯುತ್ತದೆ. ಮಂಡಿಗೆ ಎಕ್ಸ್‌ರೇ ಮೇಲೆ ಎಕ್ಸ್‌ರೇ ತೆಗೆಸುತ್ತಾರೆ, ಎಲ್ಲ ಸರಿಯಾಗಿರುತ್ತದೆ. ಸೊಂಟ ಮತ್ತು ಮಂಡಿಗೆ ಕೆಲವು ನರಗಳು ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಕೀಲಿನ ನೋವಿಗೆ ಇನ್ನೊಂದು ಗುರುತೂ ಇದೆ. ಚಕ್ಕಳಮಕ್ಕಳ ಹಾಕಲು ಆಗುವುದಿಲ್ಲ, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಕಾಲುಂಗುರ ಸರಿಮಾಡಿಕೊಳ್ಳಲು ಪಾದ ಎತ್ತುವುದೇ ಕಷ್ಟ. ನೀವು ಬರೆದ ಎರಡು ಮಾತು, ‘ತೊಡೆಯಿಂದ ಮಂಡಿವರೆಗೂ’ ಮತ್ತು ‘ನೆಲದ ಮೇಲೆ ಕೂರಲು ಆಗುತ್ತಿಲ್ಲ’, ನನ್ನನ್ನು ಈ ಕಡೆಗೇ ಕರೆದೊಯ್ಯುತ್ತವೆ.

ಒಂದು ವರ್ಷದ ಪೊಟ್ಟಣದ ಮಾತ್ರೆಯನ್ನು ಇದರ ಪಕ್ಕದಲ್ಲಿಟ್ಟರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ಒರಳಿನಲ್ಲಿ ಗುಂಡು ಕೂತ ಹಾಗೆ ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಕೂತಿರುತ್ತದೆ. ಆ ತಲೆಗೆ ರಕ್ತ ಬರುವುದು ಕೆಲವೇ ಸಣ್ಣ ರಕ್ತನಾಳಗಳಿಂದ. ಆ ರಕ್ತ ನಿಂತರೆ ಮೂಳೆಯ ಒಂದು ಭಾಗ ಒಳಗೊಳಗೇ ಸಾಯುತ್ತದೆ. ಇದಕ್ಕೆ ಎವಿಎನ್ ಎಂದು ಹೆಸರು, ವೈದ್ಯರ ಬಾಯಲ್ಲಿ ಇದೇ ಪದ ಕೇಳುತ್ತೀರಿ. ಹೆಚ್ಚು ಸ್ಟೀರಾಯ್ಡ್, ಹೆಚ್ಚು ಕುಡಿತ, ಸೊಂಟದ ಮೂಳೆ ಮುರಿತ, ಕುಡಗೋಲು ಕಣದ ರಕ್ತಹೀನತೆ (ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ), ಇವು ಇದರ ಮುಖ್ಯ ಕಾರಣಗಳು. ಕೆಲವರಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಶುರುವಿನ ತಿಂಗಳುಗಳಲ್ಲಿ ಎಕ್ಸ್‌ರೇ ಪೂರ್ತಿ ನಾರ್ಮಲ್ ಇರಬಹುದು. ಅದಕ್ಕೇ ನಿಮ್ಮ ನಾರ್ಮಲ್ ಎಕ್ಸ್‌ರೇ ನನಗೆ ಸಮಾಧಾನ ಕೊಡುವುದಿಲ್ಲ. ಬೇಕಿರುವುದು ಎಂಆರ್‌ಐ, ಅದೂ ಎರಡೂ ಸೊಂಟದ್ದು. ಒಂದು ಕಡೆ ಎವಿಎನ್ ಇದ್ದವರಲ್ಲಿ ಅನೇಕರಿಗೆ ನೋವೇ ಇಲ್ಲದ ಇನ್ನೊಂದು ಕಡೆಯಲ್ಲೂ ಅದು ಶುರುವಾಗಿರುತ್ತದೆ. ಹಣ ಉಳಿಸಲು ಬಲಗಡೆ ಮಾತ್ರ ಸಾಕು ಅನ್ನಬೇಡಿ.

ತಡ ಯಾಕೆ ಮಾಡಬಾರದು ಅಂದರೆ, ಮೂಳೆಯ ತಲೆ ಇನ್ನೂ ದುಂಡಗಿರುವಾಗ ಸಿಕ್ಕಿದರೆ ಅದನ್ನು ಉಳಿಸಿಕೊಳ್ಳಲು ದಾರಿಗಳಿವೆ. ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುವ ಆಪರೇಷನ್ ಅದರಲ್ಲೊಂದು. ತಲೆ ಕುಸಿದು ಚಪ್ಪಟೆಯಾದ ಮೇಲೆ ಕೀಲು ಸವೆಯುತ್ತಾ ಹೋಗುತ್ತದೆ. ಕೊನೆಗೆ ಬಹಳ ಜನರಿಗೆ ಕೀಲು ಬದಲಾವಣೆಯೇ ಗತಿ. ಅದೂ ಒಳ್ಳೆಯ ಆಪರೇಷನ್ನೇ, ಹೆದರುವಂಥದ್ದಲ್ಲ. ಆದರೆ 43ಕ್ಕೆ ಅದು ಬೇಡವಾಗಿದ್ದರೆ ಒಳ್ಳೆಯದು, ಅಲ್ವಾ?

ಎಂಆರ್‌ಐ ಮಾಡಿಸಿದರೆ ಬೇರೆ ಅನುಮಾನಗಳಿಗೂ ಉತ್ತರ ಸಿಗುತ್ತದೆ. ಕೀಲೊಳಗೆ ಉರಿಯೂತದ ನೀರು ತುಂಬಿದ್ದರೆ, ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಕ್ಷಯ ಬಂದು ಕೂತಿದ್ದರೆ ಅದರಲ್ಲಿ ಕಾಣುತ್ತದೆ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಸಂಜೆಯ ಹೊತ್ತು ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದರೆ ವೈದ್ಯರಿಗೆ ಹೇಳಲೇಬೇಕು.

ಇನ್ನು ಕೈಬೆರಳು. ಎರಡೂ ಕೈಯ ಗೆಣ್ಣು ಮತ್ತು ಮಣಿಕಟ್ಟು, ಊತ, ಬೆಳಗ್ಗೆ ಒಂದು ಗಂಟೆಯ ಬಿಗಿತ, ಆರು ವಾರ ದಾಟಿ ಒಂದೂವರೆ ವರ್ಷ. ಇಷ್ಟು ಇದ್ದರೆ ನಾನು ಮೊದಲು ನೆನೆಯುವುದು ರುಮಟಾಯ್ಡ್ ಆರ್ಥ್ರೈಟಿಸ್. ಜನ ಇದನ್ನು ಸಂಧಿವಾತ, ಆಮವಾತ, ಆರ್‌ಎ ಅನ್ನುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ.

‘ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಿದೆಯಲ್ಲ’ ಅನ್ನುತ್ತೀರಿ. ಈ ಕಾಯಿಲೆ ಇರುವ 100 ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಆ ಪರೀಕ್ಷೆ ನೆಗೆಟಿವ್ ಬರುತ್ತದೆ. ಹಾಗೆಯೇ ಕಾಯಿಲೆ ಇಲ್ಲದ ವಯಸ್ಸಾದವರಲ್ಲಿ, ಬೇರೆ ಸೋಂಕು ಇರುವವರಲ್ಲಿ ಪಾಸಿಟಿವ್ ಬರುವುದೂ ಉಂಟು. ನಿಮ್ಮ ಬೆರಳುಗಳನ್ನು ಒತ್ತಿ ನೋಡುವ ವೈದ್ಯರ ಕೈ ಆ ಒಂದು ಕಾಗದಕ್ಕಿಂತ ಹೆಚ್ಚು ತಿಳಿಯುತ್ತದೆ. ಜೊತೆಗೆ ಆರ್‌ಎ ಗುರುತಿಸುವ ಆಂಟಿ ಸಿಸಿಪಿ ಎನ್ನುವ ರಕ್ತ ಪರೀಕ್ಷೆ, ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ, ಕೈ ಮತ್ತು ಪಾದಗಳ ಎಕ್ಸ್‌ರೇ ಬೇಕು. ಸ್ಟೀರಾಯ್ಡ್ ನುಂಗುತ್ತಿದ್ದರೆ ಇಎಸ್‌ಆರ್, ಸಿಆರ್‌ಪಿ ಸುಳ್ಳು ಸಮಾಧಾನ ಕೊಡಬಹುದು, ಊತವೂ ಮುಚ್ಚಿಹೋಗಿರಬಹುದು. ಬೆಳಗ್ಗೆ ಊದಿದ ಬೆರಳುಗಳ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮಧ್ಯಾಹ್ನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಊತ ಇಳಿದಿರುತ್ತದೆ, ಆಗ ಆ ಫೋಟೊ ತುಂಬಾ ಕೆಲಸಕ್ಕೆ ಬರುತ್ತದೆ.

ಚಿಕೂನ್‌ಗುನ್ಯಾದ್ದೇ ಮುಂದುವರಿಕೆ ಇರಬಹುದಾ? ಇರಬಹುದು. 2006ರಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಅದು ಹಬ್ಬಿದಾಗ ಜ್ವರ ವಾರದಲ್ಲಿ ಬಿಟ್ಟರೂ ಕೀಲು ತಿಂಗಳುಗಟ್ಟಲೆ ಬಿಡದವರು ಎಷ್ಟೋ ಜನ. ಕೆಲವರಿಗೆ ವರ್ಷ ದಾಟಿತು. ಬೆರಳು, ಮಣಿಕಟ್ಟು, ಕಾಲಿನ ಹರಡು ಹಿಡಿಯುತ್ತದೆ, ನೋಡಲು ಆರ್‌ಎ ಥರವೇ ಇರುತ್ತದೆ. ಆದರೆ ರಕ್ತದಲ್ಲಿ ಚಿಕೂನ್‌ಗುನ್ಯಾದ ಐಜಿಜಿ ಎಂಬ ಪರೀಕ್ಷೆ ಪಾಸಿಟಿವ್ ಬಂದರೆ ‘ಯಾವಾಗಲೋ ಬಂದಿತ್ತು’ ಎಂದಷ್ಟೇ ಅರ್ಥ. ಅದು ವರ್ಷಗಟ್ಟಲೆ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಈಗಿನ ನೋವಿಗೆ ಅದೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಒಂದೂವರೆ ವರ್ಷವಾದರೂ ಗೆಣ್ಣು ಊದುತ್ತಲೇ ಇದ್ದರೆ ಹೆಸರು ಯಾವುದೇ ಇರಲಿ, ಅದು ಕೀಲು ಹಾಳುಮಾಡುತ್ತಿದೆಯಾ ಎಂದು ನೋಡಿ ಚಿಕಿತ್ಸೆ ಕೊಡಬೇಕು.

ಆರ್‌ಎ ಎಂದು ಖಚಿತವಾದರೆ ಎದೆಗುಂದಬೇಡಿ. ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಮಾತ್ರೆ ಲಕ್ಷಾಂತರ ಜನರ ಕೈಗಳನ್ನು ಸೊಟ್ಟಗಾಗದಂತೆ ಉಳಿಸಿದೆ. ಕೆಲಸ ಶುರು ಮಾಡಲು ಅದಕ್ಕೆ ಆರರಿಂದ ಹನ್ನೆರಡು ವಾರ ಬೇಕು. ಎರಡನೇ ವಾರಕ್ಕೇ ‘ಏನೂ ಉಪಯೋಗ ಆಗಲಿಲ್ಲ’ ಎಂದು ಬಿಡಬಾರದು. ಒಂದು ಎಚ್ಚರಿಕೆ ಮಾತ್ರ ಗೋಡೆ ಮೇಲೆ ಬರೆದಿಡಿ: ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು ಬರಬಹುದು. ವಾರದ ಯಾವ ದಿನ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಮನೆಯ ಮಕ್ಕಳಿಗೂ ಹೇಳಿಡಿ. ಶುರು ಮಾಡುವ ಮುಂಚೆ ಲಿವರ್, ಕಿಡ್ನಿ, ರಕ್ತಕಣ, ಹೆಪಟೈಟಿಸ್, ಎದೆಯ ಎಕ್ಸ್‌ರೇ ನೋಡುತ್ತಾರೆ, ಆಮೇಲೂ ಆಗಾಗ ರಕ್ತ ಪರೀಕ್ಷೆ ಇರುತ್ತದೆ. ಮುಟ್ಟು ಇನ್ನೂ ಆಗುತ್ತಿದ್ದರೆ ಅದನ್ನೂ ಹೇಳಿ. ಈ ಮಾತ್ರೆಯ ಮೇಲಿರುವಾಗ ಗರ್ಭ ನಿಲ್ಲಬಾರದು.

ಸ್ಟೀರಾಯ್ಡ್ ಬಗ್ಗೆ ಇಷ್ಟೆಲ್ಲ ಹೇಳಿದೆ. ಹಾಗಂತ ಅದು ವಿಷವಲ್ಲ. ಮೆಥೊಟ್ರೆಕ್ಸೇಟ್ ಹತ್ತುವ ತನಕ ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನಕ್ಕೆ ನಾವೂ ಕೊಡುತ್ತೇವೆ. ಏನು ಕೊಡುತ್ತಿದ್ದೇವೆ, ಎಷ್ಟು, ಯಾವಾಗ ನಿಲ್ಲಿಸುತ್ತೇವೆ ಎಂಬುದು ರೋಗಿಗೆ ಗೊತ್ತಿರಬೇಕು. ಹೆಸರಿಲ್ಲದ ಪೊಟ್ಟಣದಲ್ಲಿ ಅದನ್ನು ಒಂದು ವರ್ಷ ಕೊಡುವುದು ಅನ್ಯಾಯ.

‘ಕ್ಯಾಲ್ಸಿಯಂ ಕಮ್ಮಿ’ ಅಂದವರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದು 11 ಅಂದರೆ ಸಾಕಷ್ಟು ಕಡಿಮೆಯೇ. ಬಹಳ ಕಾಲ ಹೀಗಿದ್ದರೆ ಮೂಳೆ ಮೆತ್ತಗಾಗುತ್ತದೆ. ತೊಡೆ, ಸೊಂಟ ಜಗ್ಗುತ್ತವೆ, ನೆಲದಿಂದ ಏಳಲು ಕೈ ಊರಬೇಕಾಗುತ್ತದೆ, ಬಾತುಕೋಳಿ ನಡಿಗೆ ಬರುತ್ತದೆ, ಮಂಡಿಯ ಕೆಳಗೆ ಕಾಲಿನ ಮುಂದಿನ ಮೂಳೆ ಒತ್ತಿದರೆ ನೋಯುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಪರೀಕ್ಷೆ ಮಾಡಿಸಿ, ಅದು ಏರಿದ್ದರೆ ಈ ಅನುಮಾನ ಬಲವಾಗುತ್ತದೆ. ಕೊರತೆಯನ್ನು ಸರಿಪಡಿಸಲೇಬೇಕು. ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿ ಅಥವಾ ಮಾತ್ರೆಯನ್ನು ವಾರಕ್ಕೊಂದರಂತೆ ಎಂಟು ವಾರ ಕೊಡುತ್ತಾರೆ. ಇದೂ ದಿನವೂ ತೆಗೆದುಕೊಳ್ಳುವುದಲ್ಲ. ಆದರೆ ನಮ್ಮ ದೇಶದಲ್ಲಿ ವಿಟಮಿನ್ ಡಿ ಕಡಿಮೆ ಇರುವವರು ಎಷ್ಟೊಂದು ಜನ ಇದ್ದಾರೆಂದರೆ, ರಿಪೋರ್ಟಿನಲ್ಲಿ ಅದು ಕಂಡ ಕೂಡಲೇ ‘ಸಿಕ್ಕಿತು ಕಾರಣ’ ಎಂದು ಹುಡುಕಾಟ ನಿಲ್ಲಿಸಬಾರದು. ಗೆಣ್ಣು ಊದುವುದಕ್ಕೆ ವಿಟಮಿನ್ ಡಿ ಕೊರತೆ ಕಾರಣವಲ್ಲ.

ನೀರಿನ ದೋಷ ಅಂದವರನ್ನೂ ನಾನು ತಳ್ಳಿಹಾಕುವುದಿಲ್ಲ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎಂಬುದು ಹಳೆಯ ಸಮಸ್ಯೆ. ಬೇರೆ ಮೂಲವೇ ಇಲ್ಲದ ಕಡೆಯೂ ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹತ್ತಾರು ವರ್ಷ ಅದಕ್ಕಿಂತ ತುಂಬಾ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದರೆ ಮೂಳೆ ಗಟ್ಟಿಯಾಗಿ, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಸುಣ್ಣಗಟ್ಟಿ, ಕತ್ತು ಬೆನ್ನು ಬಗ್ಗದಂತಾಗುತ್ತವೆ, ಸೊಂಟ ಮಂಡಿಗಳೂ ಹಿಡಿಯುತ್ತವೆ. ನೀವು ಹುಟ್ಟಿ ಬೆಳೆದದ್ದೂ ಆ ಕಡೆಯೇ ಆಗಿದ್ದರೆ ಹಲ್ಲಿನ ಮೇಲೆ ಕಂದು ಪಟ್ಟೆ ಇದೆಯಾ ನೋಡಿಕೊಳ್ಳಿ. ಮದುವೆಯಾಗಿ ಬಂದವರಾದರೆ ಹಲ್ಲು ಚೆನ್ನಾಗಿಯೇ ಇರಬಹುದು, ಯಾಕೆಂದರೆ ಹಲ್ಲಿನ ಕಲೆ ಬೀಳುವುದು ಹಲ್ಲು ಒಳಗೆ ಬೆಳೆಯುವ ವಯಸ್ಸಿನಲ್ಲಿ. ಮುಂದೋಳು ಮತ್ತು ಬೆನ್ನಿನ ಎಕ್ಸ್‌ರೇಯಲ್ಲಿ ಇದರ ಗುರುತು ಸಿಗುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ ಸಾರಿಗೂ ಬಳಸಿ, ಶಾಲೆಯಲ್ಲೂ. ಆದರೆ ನಾಲ್ಕು ತಿಂಗಳಲ್ಲಿ ಒಂದೇ ಸೊಂಟ ಹಿಡಿಯುವುದು, ಬೆರಳು ಊದುವುದು ಫ್ಲೋರೈಡಿನ ರೀತಿಯಲ್ಲ.

ಊರಿಗೆ ಅಂಟಿದ ಕಾಯಿಲೆಗಳ ಮಾತು ಬಂದಾಗಲೆಲ್ಲ ನನಗೆ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗುತ್ತದೆ. 1970ರ ದಶಕದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ ಮಂಡಿ ನೋವು, ಕುಳ್ಳಗಾಗುವುದು, ನಡೆಯಲಾಗದೆ ತೆವಳುವುದು ಹೊರಜಗತ್ತಿಗೆ ಗೊತ್ತಾಯಿತು. ಗದ್ದೆಯ ಏಡಿ ತಿಂದದ್ದಕ್ಕೆ, ಕೀಟನಾಶಕಕ್ಕೆ ಎಂದೆಲ್ಲ ಮಾತು ಹಬ್ಬಿತ್ತು. ಅದು ವಂಶದಲ್ಲಿ ಇಳಿದು ಬರುವ ಮೂಳೆಯ ಕಾಯಿಲೆ ಎಂದು ಆಮೇಲೆ ತಿಳಿಯಿತು. ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಓದುಗರ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಸೊಂಟ ಹಿಡಿದವರು ತಲೆಮಾರಿನಿಂದ ಇದ್ದರೆ ವೈದ್ಯರಿಗೆ ಹೇಳಿ. ನಿಮ್ಮದು ಅದಲ್ಲ.

ಯೂರಿಕ್ ಆಸಿಡ್ 6.4ಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುನೋವಾದ ಗೌಟ್ ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಲ್ಲಿ, ರಾತ್ರೋರಾತ್ರಿ, ಕೆಂಪಗೆ ಉರಿಯುತ್ತಾ ಬರುತ್ತದೆ. ಮುಟ್ಟು ನಿಲ್ಲುವ ಮುಂಚೆ ಹೆಂಗಸರಲ್ಲಿ ಅಪರೂಪ. ಬೇಳೆ, ಟೊಮೆಟೊ, ಬದನೆಕಾಯಿ ಮತ್ತೆ ತಿನ್ನಿ, ವಿಶೇಷವಾಗಿ ಬೇಳೆ. ಸ್ಟೀರಾಯ್ಡ್ ಸ್ನಾಯುಗಳನ್ನು ಕರಗಿಸುತ್ತದೆ, ಅದರ ಮೇಲೆ ಬೇಳೆಯನ್ನೂ ಬಿಟ್ಟರೆ ಕಾಲಿನ ಶಕ್ತಿ ಇನ್ನೂ ಕುಸಿಯುತ್ತದೆ. ಥೈರಾಯ್ಡ್ ಮತ್ತು ಸಕ್ಕರೆ ಒಮ್ಮೆ ನೋಡಿಸಿ, ಅವೂ ಮೈಕೈ ನೋವು ಹೆಚ್ಚಿಸುತ್ತವೆ. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ತೊಡೆ ನೋವು ಬರುತ್ತದೆ, ನೀವು ಅದರ ಮಾತು ಎತ್ತಿಲ್ಲ.

ಎಂಆರ್‌ಐ ಆಗುವವರೆಗೆ ಬಲಗಾಲಿನ ಮೇಲಿನ ಭಾರ ಕಡಿಮೆ ಮಾಡಿ. ಕೋಲು ಹಿಡಿಯಿರಿ, ಅದೂ ಎಡಗೈಯಲ್ಲಿ. ನೋವಿರುವ ಕಡೆಯೇ ಹಿಡಿಯುವುದು ಅಭ್ಯಾಸ, ಆದರೆ ಎದುರಿನ ಕೈಯಲ್ಲಿ ಹಿಡಿದಾಗಲೇ ಸೊಂಟದ ಕೀಲಿಗೆ ಬೀಳುವ ಒತ್ತಡ ಇಳಿಯುತ್ತದೆ. ನೆಲಕ್ಕೆ ಕೂರಬೇಡಿ, ಶೌಚಕ್ಕೆ ಕಮೋಡ್ ಕುರ್ಚಿ ಬಳಸಿ. ದೊಡ್ಡ ಪಾತ್ರೆ, ಅಕ್ಕಿ ಮೂಟೆ ಎತ್ತುವುದನ್ನು ಜೊತೆಯವರಿಗೆ ಬಿಡಿ. ಹೆಡ್ ಮಾಸ್ಟರಿಗೆ ತೋರಿಸಲು ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ, ಸಂಕೋಚ ಬೇಡ. ಸೊಂಟವನ್ನು ಎಳೆಸುವುದು, ತಿರುಚಿಸುವುದು, ತುಳಿಸಿಕೊಳ್ಳುವುದು ಈಗ ಖಂಡಿತ ಬೇಡ. ಅಂಗಡಿಯಿಂದ ಇನ್ನೊಂದು ನೋವಿನ ಮಾತ್ರೆ ತಂದು ಸೇರಿಸಬೇಡಿ, ಸ್ಟೀರಾಯ್ಡ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯ ಹೆಚ್ಚು.

ಕೆಲವು ಲಕ್ಷಣ ಕಂಡರೆ ಮರುದಿನಕ್ಕೂ ಕಾಯಬಾರದು. ಚಳಿಜ್ವರದ ಜೊತೆ ಒಂದು ಕೀಲು ಊದಿ, ಅಲುಗಿಸಲೂ ಆಗದಿದ್ದರೆ ಅದು ಕೀವಿನ ಸೋಂಕು ಇರಬಹುದು. ಸ್ಟೀರಾಯ್ಡ್ ಮೇಲಿರುವವರಲ್ಲಿ ಜ್ವರ ಅಷ್ಟಾಗಿ ಕಾಣದೆಯೂ ಇರಬಹುದು. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಕಾಲು ಶಕ್ತಿ ಕಳೆದುಕೊಂಡರೆ ನರ ಒತ್ತಿದೆ ಎಂದರ್ಥ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಮೂಳೆ ಮುರಿದಿರಬಹುದು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಕಪ್ಪು ಮಲ ಹೋದರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಯಾರ ಬಳಿ ಹೋಗಬೇಕು? ಸೊಂಟಕ್ಕೆ ಮೂಳೆ ವೈದ್ಯರು, ಬೆರಳಿಗೆ ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರು. ಅವರು ಹತ್ತಿರ ಸಿಗದಿದ್ದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಯ ಫಿಸಿಶಿಯನ್‌ರಿಂದ ಶುರು ಮಾಡಿ, ಅವರೇ ಮುಂದೆ ಕಳಿಸುತ್ತಾರೆ. ಆಯುಷ್ಮಾನ್ ಕಾರ್ಡ್, ಬಿಪಿಎಲ್ ಕಾರ್ಡ್ ಎರಡನ್ನೂ ಒಯ್ಯಿರಿ. ಯಾವುದು ಯೋಜನೆಯಲ್ಲಿ ಬರುತ್ತದೆ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಹಳೆಯ ರಿಪೋರ್ಟು, ಎಕ್ಸ್‌ರೇ, ಬೆರಳಿನ ಫೋಟೊ, ಪೊಟ್ಟಣದ ಮಾತ್ರೆ ಒಂದೇ ಚೀಲದಲ್ಲಿರಲಿ. ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ: ‘ಒಂದು ವರ್ಷದಿಂದ ಹೆಸರು ಗೊತ್ತಿಲ್ಲದ ಮಾತ್ರೆ ತಿನ್ನುತ್ತಿದ್ದೇನೆ, ನಾಲ್ಕು ತಿಂಗಳಿಂದ ಬಲ ತೊಡೆಸಂದು ನೋಯುತ್ತಿದೆ, ನೆಲಕ್ಕೆ ಕೂರಲು ಆಗುತ್ತಿಲ್ಲ.’ ನೋವು ತೊಡೆಸಂದಿನಲ್ಲಿಲ್ಲ, ಪಿರ್ರೆಯಲ್ಲಿದೆ ಎಂದಾದರೆ ಹಾಗೆಯೇ ಹೇಳಿ, ಆಗ ಪರೀಕ್ಷೆಯ ದಾರಿಯೇ ಬದಲಾಗುತ್ತದೆ. ಎರಡೂ ಸೊಂಟದ ಎಂಆರ್‌ಐ ಮತ್ತು ಆಂಟಿ ಸಿಸಿಪಿ ರಿಪೋರ್ಟು ಬಂದ ಮೇಲೆ ನನಗೆ ಮತ್ತೆ ಬರೆಯಿರಿ.